ವನದಲ್ಲಿ ಬಿಟ್ಟು ಬಂದ ಹೆಸರು

ಮಧುಗಿರಿ
೧೭ ನವೆಂಬರ್ ೨೦೨೪, ಭಾನುವಾರ

ನನ್ನ ಮುದ್ದು ತೇಜು,

ನಾನೂ ನಿಮ್ಮಪ್ಪನೂ ಆರೋಗ್ಯವಾಗಿದ್ದೇವೆ. ನೀನು, ಯುವರಾಜ, ನಿಮ್ಮತ್ತೆ ಕೊಲ್ಲಾಪುರಮ್ಮನವರು ಎಲ್ಲರೂ ಚೆನ್ನಾಗಿದ್ದೀರಿ ಅಂತ ನಂಬಿಕೊಂಡೇ ಪೆನ್ನು ಹಿಡಿದಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. "ಅಮ್ಮ, ಬಾಣಂತನಕ್ಕೆ ನಾನು ಎಲ್ಲಿಗೆ ಹೋಗಲಿ?" ಅಂತ ಕೊನೆಯಲ್ಲಿ ಒಂದು ಸಾಲು ಕೇಳಿದ್ದೆಯಲ್ಲ, ಆ ಸಾಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಕಣೆ. ಫೋನ್ ಮಾಡೋಣ ಅಂದರೆ ನಿನ್ನ ದನಿ ಕೇಳಿದ ತಕ್ಷಣ ನಾನು ಅಳುತ್ತೇನೆ, ನೀನೂ ಅಳುತ್ತೀಯ. ಆಮೇಲೆ ಕೊಲ್ಲಾಪುರಮ್ಮನವರು ಫೋನ್ ಇಸಕೊಂಡು "ಅಳಬ್ಯಾಡಿ ವದಿನಾ, ನೇನು ಲೇನಾ, ನಾನಿಲ್ವಾ?" ಅಂತ ಪಾವಗಡದ ಅರ್ಧ ತೆಲುಗಿನಲ್ಲಿ ನನಗೇ ಸಮಾಧಾನ ಹೇಳುತ್ತಾರೆ. ಆ ಹೆಂಗಸಿನ ಒಳ್ಳೆಯತನ ನೋಡಿ ನನಗೆ ಇನ್ನಷ್ಟು ಅಳು ಬರುತ್ತದೆ. ಹಾಗಾಗಿ ಕಾಗದವೇ ವಾಸಿ.

ಏಳು ತುಂಬಿತು ಅಂತ ಬರೆದಿದ್ದೀಯ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಇದನ್ನು ನಿನಗಿಂತ ಮೊದಲು ನಾನು ಯೋಚಿಸಿದ್ದೆ. ಹಳೇ ಸೀರೆಗಳನ್ನು ಹರಿದು, ಒಗೆದು, ಮಡಚಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಇಟ್ಟಿದ್ದೇನೆ. ನಿಮ್ಮಪ್ಪ ನೋಡಿದ್ದಾರೆ. ನೋಡಿಯೂ ನೋಡದವರ ಹಾಗೆ ಪೇಪರ್ ಓದುತ್ತಾ ಕೂತಿದ್ದರು. ಆ ಪೇಪರ್ ಹಿಂದಿನ ದಿನದ್ದು.

ಅವರ ಹಟ ನಿನಗೆ ಗೊತ್ತಲ್ಲ. "ಟಿಕೆಟ್ ಅಂದ್ರೆ ಟಿಕೆಟ್, ಪದ್ಧತಿ ಅಂದ್ರೆ ಪದ್ಧತಿ" ಅಂತ ಕಂಡಕ್ಟರ್ ಆಗಿ ಬಸ್ಸಿನಲ್ಲಿ ನಿಂತು ನಿಂತು ಕಲಿತ ಮಾತು ಅದು, ಮನೆಗೂ ಅದನ್ನೇ ತಂದರು. ಮೂರು ವರ್ಷದ ಹಿಂದೆ ನೀನು ಯುವರಾಜನ ಕೈ ಹಿಡಿದ ದಿನ, ಬೇರೆ ಜಾತಿಯವನ ಜೊತೆ ಹೋದವಳ ಹೆಸರು ಈ ಮನೆಯಲ್ಲಿ ಎತ್ತಕೂಡದು ಅಂದರು. ಅಲ್ಲಿಂದ ನನ್ನ ಪಾಡು ಏನಾಯಿತು ಅಂತ ನಿನಗೆ ಗೊತ್ತಿಲ್ಲ. ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹೇಳಿದರೆ ನಾಲಿಗೆ ಸುಟ್ಟೀತು ಅನ್ನುವ ಹಾಗೆ ಆಡುತ್ತಾರೆ. ನೀನು ಹುಟ್ಟುವ ತನಕ ನಾನು "ಲೇ", ಇಲ್ಲ "ಇವಳೇ". ನೀನು ಹುಟ್ಟಿದ ಮೇಲೆ ಅವರಿಗೆ ಅನುಕೂಲವಾಯಿತು. ಕಾಫಿ ಬೇಕಾದರೂ "ತೇಜೂ", ಟವಲ್ ಬೇಕಾದರೂ "ತೇಜೂ". ಕರೆದದ್ದು ನನ್ನನ್ನೋ ನಿನ್ನನ್ನೋ ತಿಳಿಯದೆ ಇಬ್ಬರೂ "ಬಂದೇ" ಅಂತ ಓಡಿ ಅಡುಗೆಮನೆ ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತಿದ್ದದ್ದು ನೆನಪಿದೆಯಾ? ಈಗ ಕಾಫಿ ಬೇಕಾದರೆ ಲೋಟ ಕುಟ್ಟುತ್ತಾರೆ. ಬಾಗಿಲಿಗೆ ಯಾರಾದರೂ ಬಂದರೆ ಕೆಮ್ಮುತ್ತಾರೆ. ಯಾವ ಕೆಮ್ಮು ನೆಗಡಿಯದು, ಯಾವ ಕೆಮ್ಮು ನನ್ನನ್ನು ಕರೆಯುವುದು ಅಂತ ನಾನೂ ಕಲಿತುಬಿಟ್ಟೆ.

ಇಷ್ಟನ್ನೂ ಯಾಕೆ ಬರೆದೆ ಅಂದರೆ, ಕಳೆದ ಗುರುವಾರ ನಡೆದದ್ದನ್ನು ಹೇಳಬೇಕು.

ನಿಮ್ಮಪ್ಪನ ಬಸ್ಸಿನ ಡ್ರೈವರ್ ಆಗಿದ್ದನಲ್ಲ ರಂಗಯ್ಯ, ಈಗ ಮಿಡಿಗೇಶಿಯಾಚೆ ತನ್ನ ಊರಿನಲ್ಲಿ ತಾಯಿಯ ಜೊತೆ ಬೇಸಾಯ ಮಾಡಿಕೊಂಡಿದ್ದಾನೆ. "ಹಸು ಕರು ಹಾಕೈತೆ ಅಣ್ಣ, ಅಕ್ಕನ್ನೂ ಕರ್ಕಂಡು ಗಿಣ್ಣು ತಿನ್ನಕ್ ಬಂದ್ಬುಡಿ" ಅಂತ ಫೋನ್ ಮಾಡಿದ. ಗಿಣ್ಣು ಅಂದರೆ ನಿಮ್ಮಪ್ಪನ ಹಟವೂ ಸ್ವಲ್ಪ ಕರಗುತ್ತದೆ. ಹೊರಟೆವು. ಮಿಡಿಗೇಶಿಯಲ್ಲಿ ಇಳಿದು, ಕೋಟೆಬೆಟ್ಟ ಬೆನ್ನಿಗೆ ಹಾಕಿಕೊಂಡು ಆಟೋದಲ್ಲಿ ಹೋದರೆ ಆ ಊರು. ಪುಟ್ಟ ಊರು ಕಣೆ. ಎಲ್ಲರ ಮನೆ ಮುಂದೆಯೂ ಕಡಲೆಕಾಯಿ ಗಿಡ ರಾಶಿ ಹಾಕಿಕೊಂಡು ಹೆಂಗಸರು ಕಾಯಿ ಬಿಡಿಸುತ್ತಾ ಕೂತಿದ್ದರು. ರಂಗಯ್ಯನ ತಾಯಿ ಕೆಂಚಮ್ಮ ನನ್ನನ್ನು ನೋಡಿ "ಬಾ ತಾಯಿ, ಕೈ ಸುಮ್ಕಿದ್ರೆ ಇದ ಹಿಡ್ಕ" ಅಂತ ಒಂದು ಹೊರೆ ಗಿಡ ಮುಂದಕ್ಕೆ ತಳ್ಳಿದರು. ಬಂದವಳಿಗೆ ನೀರು ಕೊಡುವ ಮೊದಲೇ ಕೆಲಸ ಕೊಟ್ಟರು! ನನಗೆ ಅಜ್ಜಿ ಅಲ್ಲೇ ಹಿಡಿಸಿಬಿಟ್ಟರು.

ಗಿಣ್ಣು ತಿಂದ ಮೇಲೆ ರಂಗಯ್ಯ ಊರ ದೇವತೆ ಅಮ್ಮನ ವನ ತೋರಿಸಲು ಕರೆದುಕೊಂಡು ಹೋದ. ಹೊಲದ ಬದುವಿನ ಮೇಲೆ ಸ್ವಲ್ಪ ನಡೆದರೆ ಸಿಗುತ್ತದೆ. ಸುತ್ತ ಎಲ್ಲಾ ಬೋಳು ಬಂಡೆ, ಒಣ ಹೊಲ. ನಡುವೆ ಅಷ್ಟು ಜಾಗ ಮಾತ್ರ ಕಮರ, ಹುಣಸೆ, ತಪಸಿ ಮರಗಳು ಒತ್ತಾಗಿ ಬೆಳೆದಿವೆ. ಅಲ್ಲಿ ಯಾರೂ ಕೊಡಲಿ ಹಾಕುವುದಿಲ್ಲವಂತೆ, ಬಿದ್ದ ಪುಳ್ಳೆಯನ್ನೂ ಮನೆಗೆ ಒಯ್ಯುವುದಿಲ್ಲವಂತೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಒಣಗಿದ ಎಲೆ ತಣ್ಣಗೆ ಮೆತ್ತಗಿತ್ತು. ಮಧ್ಯಾಹ್ನದ ಬಿಸಿಲು ಹೊರಗೇ ನಿಂತುಬಿಟ್ಟಿತ್ತು. ಇಷ್ಟು ವರ್ಷ ಮಧುಗಿರಿಯಲ್ಲಿದ್ದೂ ಇಂಥದೊಂದು ಜಾಗ ನೋಡಿರಲಿಲ್ಲವಲ್ಲ ಅಂತ ಬೇಜಾರಾಯಿತು. ನಿನ್ನನ್ನು ಕರೆದುಕೊಂಡು ಬಂದು ಆ ನೆರಳಲ್ಲಿ ಕೂರಿಸಬೇಕು ಅನ್ನಿಸಿತು.

ರಂಗಯ್ಯ ಅಲ್ಲೇ ಒಂದು ಮಾತು ಹೇಳಿದ. "ಒಳೀಕೆ ಹೋದ್ರೆ ಯಾರ್ ಹೆಸ್ರೂ ಹಿಡ್ದು ಕೂಗಂಗಿಲ್ಲ ಅಣ್ಣ. ಕೂಗ್ಲೇಬೇಕು ಅಂದ್ರೆ ಬರೀ 'ಕೂ' ಅನ್ನಿ. ಇಲ್ಲಿ ಹಂಗೇ ಪದ್ಧತಿ." ನಿಮ್ಮಪ್ಪ ಪದ್ಧತಿ ಅನ್ನುವ ಮಾತು ಕೇಳಿದ ಕೂಡಲೇ ಗಂಭೀರವಾಗಿ ತಲೆಯಾಡಿಸಿದರು.

ಅವರಿಬ್ಬರೂ ಅಂಚಿನ ಬಂಡೆಯ ಮೇಲೆ ಕೂತು ಹಳೇ ಬಸ್ಸಿನ ಕಥೆ ಶುರು ಮಾಡಿದರು. ನಾನು ಒಳಗೆ ಅಮ್ಮನ ಗುಡಿಯ ಮುಂದೆ ಕಲ್ಲುಬಾನಿ ಇದೆ, ಅದರಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಅಂತ ಕೇಳಿ ನೋಡಲು ಹೋದೆ. ಬಾನಿ ನೋಡಿದೆ, ನಿನ್ನ ಹೆಸರಿನಲ್ಲಿ ಕೈ ಮುಗಿದೆ, ಒಂದು ಸೀತಾಫಲ ಬಿದ್ದಿತ್ತು, ಮುಟ್ಟಲು ಹೆದರಿ ಬಿಟ್ಟೆ. ಆಮೇಲೆ ಸುಮ್ಮನೆ ಇನ್ನೂ ಒಳಗೆ ನಡೆದೆ. ಅಷ್ಟರಲ್ಲಿ ವಾಪಸ್ ಬಸ್ಸಿನ ಹೊತ್ತಾಯಿತು. ಬೇರೆಯವರ ಬಸ್ಸು ತಪ್ಪಿದರೂ ನಿಮ್ಮಪ್ಪನಿಗೆ ಎದೆ ಹೊಡೆದುಕೊಳ್ಳುತ್ತದೆ, ಇನ್ನು ತಮ್ಮದೇ ಬಸ್ಸು ಅಂದರೆ ಕೇಳಬೇಕೆ! ನನ್ನನ್ನು ಹುಡುಕಿಕೊಂಡು ಒಳಗೆ ಬಂದರು. ಮೊದಲು "ಕೂ" ಅಂದರಂತೆ. ನನಗೆ ಕೇಳಿತು, ಆದರೆ ಯಾವುದೋ ಕೆಂಬೂತ ಅಂದುಕೊಂಡೆ. ಇನ್ನೊಂದು ಸಲ "ಕೂ" ಅಂದರು. ಗಂಟಲು ಕೆಟ್ಟ ಕೆಂಬೂತ ಅಂದುಕೊಂಡೆ.

ಆಮೇಲೆ ಅವರಿಗೆ ಗಾಬರಿಯಾಗಿದೆ. ಹಾವು ಹುಳ, ಕರಡಿ ಏನೇನು ನೆನಪಾಯಿತೋ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಹೆಸರು.

"ತೇಜೂ!"

ಇಡೀ ವನಕ್ಕೆ ಕೇಳಿತು. ಮಿಡಿಗೇಶಿ ಇಳೀರೀ ಅಂತ ಕೂಗುತ್ತಿದ್ದ ಅದೇ ಗಂಟಲು. ಎಷ್ಟು ಸಲ ಕೂಗಿದರೋ, ಕೊನೆಗೆ ನಾನು ಮರಗಳ ನಡುವಿನಿಂದ ಈಚೆ ಬಂದಾಗ ಅವರ ಮುಖವೆಲ್ಲಾ ಬೆವೆತಿತ್ತು. "ಎಲ್ಲಿ ಹಾಳಾಗಿ ಹೋಗಿದ್ದೆ?" ಅಂತ ಬೈದರು.

ಊರಿಗೆ ಬಂದರೆ ಬದುವಿನ ತುದಿಯಲ್ಲೇ ಕೆಂಚಮ್ಮ ಕೋಲು ಹಿಡಿದು ನಿಂತಿದ್ದರು. ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರೆಲ್ಲಾ ಕೈ ನಿಲ್ಲಿಸಿದ್ದರು.

"ಯಾರ್ಲಾ ಕೂಗಿದ್ದು?" ಅಂದರು ಅಜ್ಜಿ.

"ನಾನೇ ಅಜ್ಜಿ. ಇವಳು ಕಾಣಲಿಲ್ಲ, ಇವಳನ್ನ ಕರೆದೆ" ಅಂದರು ನಿಮ್ಮಪ್ಪ.

"ಇವಳ ಹೆಸ್ರೇನು?"

ನಿಮ್ಮಪ್ಪ ನನ್ನ ಮುಖ ನೋಡಿದರು, ರಂಗಯ್ಯನ ಮುಖ ನೋಡಿದರು. ಆಮೇಲೆ ಮದುವೆ ದಿನ ಹೊಸಿಲಲ್ಲಿ ನಿಲ್ಲಿಸಿ ಹೇಳಿಸಿದ ಹಾಗೆ ತಲೆ ತಗ್ಗಿಸಿ "ಜಗದಾಂಬ" ಅಂದರು.

"ಹಂಗಾದ್ರೆ ತೇಜು ಯಾರು ಕಂಡಕ್ಟ್ರಪ್ಪ?"

ನಿಮ್ಮಪ್ಪ ಹೆಗಲ ಮೇಲಿನ ಟವಲ್ ತೆಗೆದು ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ನನ್ನ ಮಗಳು" ಅಂದರು.

ಮೂರು ವರ್ಷದಿಂದ ಈ ಎರಡು ಮಾತಿಗೆ ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ ಗೊತ್ತಾ ತೇಜು? ಕೊನೆಗೆ ಹೇಳಿಸಿದ್ದು ಕಡಲೆಕಾಯಿ ಅಜ್ಜಿ.

ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. "ವನದಾಗೆ ಕೂಗಿದ್ ಹೆಸ್ರು ಅಲ್ಲೇ ಬುಟ್ಟು ಹೋಗಂಗಿಲ್ಲ. ಅಮ್ಮ ಕಾಯ್ತಾ ಕುಂತಿರ್ತಾಳೆ. ಹೆಸ್ರಿನವ್ಳನ್ನ ಕರ್ಕಂಡು ಬರ್ಬೇಕು. ಕೂಗಿದೋರು ಇನ್ನೊಂದ್ಸಲ ಅಲ್ಲೇ ನಿಂತು ಕೂಗ್ಬೇಕು, ಅವ್ಳು 'ಬಂದೆ' ಅನ್ಬೇಕು, ಬಾನಿ ನೀರು ಕುಡಿಬೇಕು. ಆಗ ಹೆಸ್ರು ವಾಪಸ್ ಬತ್ತದೆ."

"ಅವಳು ಬಸುರಿ ಅಜ್ಜಿ" ಅಂದೆ ನಾನು.

"ಒಳ್ಳೇದಾಯ್ತಲ್ಲ! ಗಂಡನ್ನೂ ಕರ್ಕಂಡು ಬರ್ಲಿ. ಬಸುರಿ ಹೆಂಗ್ಸು ಒಬ್ಳೇ ವನ ತುಳಿಯಂಗಿಲ್ಲ."

ಈ ಕೊನೆಯದು ನಿಜವಾದ ಪದ್ಧತಿಯೋ, ನಮ್ಮ ಮುಖ ನೋಡಿ ಅಜ್ಜಿ ಅಲ್ಲೇ ಹೊಸೆದದ್ದೋ ನನಗೆ ಗೊತ್ತಿಲ್ಲ. ರಂಗಯ್ಯ ಆ ಕಡೆ ತಿರುಗಿ ಹಸುವಿಗೆ ಹುಲ್ಲು ಹಾಕಲು ಹೋದ. ಹಸುವಿನ ಮುಂದೆ ಆಗಲೇ ಹುಲ್ಲು ಬಿದ್ದಿತ್ತು. ನಾನು ಮುಚ್ಚುಮರೆ ಯಾಕೆ ಅಂತ ಯುವರಾಜನ ಜಾತಿ ಹೇಳಿಯೇಬಿಟ್ಟೆ. ಅಜ್ಜಿ ಕಾಯಿ ಬಿಡಿಸುತ್ತಲೇ "ಆ ಕೇರಿಯೋರೇ ಕಣಮ್ಮ ವನದಾಗೆ ಮೊದಲ್ನೇ ದೀಪ ಹಚ್ಚೋದು. ಅವ್ರು ಹಚ್ಚೋಗಂಟ ನಾವು ಒಳೀಕೆ ಕಾಲಿಕ್ಕಂಗಿಲ್ಲ" ಅಂದರು.

ವಾಪಸ್ ಬಸ್ಸಿನಲ್ಲಿ ಅವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಮಿಡಿಗೇಶಿ ದಾಟಿದ ಮೇಲೆ, ಯಾರಿಗೋ ಹೇಳುವ ಹಾಗೆ ಅಂದರು: "ಪಾವಗಡದಿಂದ ಬೆಳಗಿನ ಮೊದಲ್ನೇ ಬಸ್ಸೇ ವಾಸಿ. ಆಮೇಲಿನವು ತುಂಬಿಹೋಗ್ತವೆ. ಹಿಂದಿನ ಸೀಟು ಬೇಡ, ಕುಲುಕತ್ತೆ. ಡ್ರೈವರ್ ಹಿಂದಿನ ಸೀಟಲ್ಲಿ ಕೂರಬೇಕು, ಕಿಟಕಿ ಕಡೆ." ಕೈಯಲ್ಲಿದ್ದ ಟಿಕೆಟ್ ಮಡಚುತ್ತಾ "ಇಬ್ಬರಿಗೂ ಅದರಲ್ಲಿ ಜಾಗ ಆಗತ್ತೆ" ಅಂದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಎಲ್ಲಾ ಕೆಡುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತ್ರ "ಪದ್ಧತಿ ಅಂದ್ರೆ ಪದ್ಧತಿ, ಏನು ಮಾಡೋದು" ಅಂತ ಗೊಣಗಿದರು.

ಇದೇ ನಿನ್ನ ಸಾಲಿಗೆ ನನ್ನ ಉತ್ತರ. ಇದೇ ೨೫ನೇ ತಾರೀಖು, ಕಡೇ ಕಾರ್ತಿಕ ಸೋಮವಾರ, ಯುವರಾಜನಿಗೆ ಒಂದು ದಿನ ರಜೆ ಹಾಕಲು ಹೇಳು. ಅವನು ಕೈ ಮುಗಿಯಬೇಕಾಗಿಲ್ಲ, ಅವನ ನಂಬಿಕೆ ಅವನಿಗಿರಲಿ. ನಿನ್ನ ಜೊತೆ ನೆರಳಲ್ಲಿ ನಿಂತರೆ ಸಾಕು. ನಾವು ಮಿಡಿಗೇಶಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇವೆ. ಅಲ್ಲಿಂದ ವನ, ವನದಿಂದ ಮಧುಗಿರಿಯ ಮನೆ. ನಿಮ್ಮಪ್ಪ ನಿನ್ನನ್ನು ನೋಡಿ ಮುಖ ಗಂಟಿಕ್ಕಿದರೆ ಹೆದರಬೇಡ. ಯುವರಾಜನ ಜೊತೆ ಅವರು ಮೊದಲ ದಿನವೇ ನಗುತ್ತಾರೆ ಅಂತ ನಾನು ಸುಳ್ಳು ಹೇಳುವುದಿಲ್ಲ. ನಿನ್ನೆ ಅವರೇ ಏಣಿ ಹತ್ತಿ ಅಟ್ಟದಿಂದ ಟ್ರಂಕ್ ಇಳಿಸಿ ಬಿಸಿಲಿಗಿಟ್ಟರು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕೊಲ್ಲಾಪುರಮ್ಮನವರ ಮಾತು ಕೇಳು. ಅವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ, ಯುವರಾಜನಿಗೂ ನಿನಗೂ ನನ್ನ ತುಂಬು ಆಶೀರ್ವಾದ.

ನಿನ್ನ ಅಮ್ಮ,
ಜಗದಾಂಬ

ತಾ.ಕ.: ಕಾಗದ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಿಮ್ಮಪ್ಪನಿಗೆ ಹೇಳಬೇಡ. ನಾನು ವನದಲ್ಲಿ ದಾರಿ ತಪ್ಪಿರಲಿಲ್ಲ ಕಣೆ. ಅವರು ಮೊದಲ ಸಲ "ತೇಜೂ" ಅಂದಾಗಲೇ ನನಗೆ ಕೇಳಿತ್ತು, ಹತ್ತು ಮರದಾಚೆ ಇದ್ದೆ. ಮೂರು ವರ್ಷದಿಂದ ನನ್ನನ್ನು ಯಾರೂ ಕರೆದಿಲ್ಲವಲ್ಲ, ಅದು ನನ್ನ ಕರೆ ಅಂತ ತಕ್ಷಣ ಹೊಳೆಯಲೇ ಇಲ್ಲ. ನೀನು ಬಂದಿದ್ದೀಯ ಅಂತಲೇ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಕಮರದ ಮರ ತಬ್ಬಿಕೊಂಡು ಉಸಿರು ಬಿಗಿಹಿಡಿದು ನಿಂತೆ, ಇನ್ನೊಂದು ಸಲ ಕೂಗಲಿ, ಇನ್ನೊಂದು ಸಲ ಕೂಗಲಿ ಅಂತ. ಸೋಮವಾರ ಅವರು ಕೂಗಿದಾಗ ನಾನು ಬಾಯಿ ತೆರೆಯುವುದಿಲ್ಲ. ನೀನೇ "ಬಂದೆ" ಅನ್ನಬೇಕು.