ಅನ್ನ ಬಿಟ್ಟ ಮೇಲಿನ ರೀಡಿಂಗ್‌ಗಳು

ಜೂನ್ 9, ಸೋಮವಾರ. ಬೆಳಿಗ್ಗೆ 6.30

ಅನ್ನ, ದೋಸೆ ಬಿಟ್ಟು ಇಂದಿಗೆ ಮೂರನೇ ದಿನ. ತೂಕ 78.2. ಎರಡು ಮೊಟ್ಟೆ, ಬಸಳೆ ಪಲ್ಯ ತಿಂದೆ. ಶುಗರಿನ ಎರಡು ಮಾತ್ರೆ ನುಂಗಿದೆ. ಡಾಕ್ಟರಿಗೆ ಹೇಳಿಲ್ಲ — ಅನ್ನ ಬಿಡಲು ಅನುಮತಿ ಯಾಕೆ?

ಹದಿನೆಂಟು ವರ್ಷದಿಂದ ಶಾಲೆಯ ಲ್ಯಾಬಿನಲ್ಲಿ ಮಕ್ಕಳ ಪ್ರಯೋಗಕ್ಕೆ ಎಲ್ಲ ಜೋಡಿಸಿಡುವವಳು ನಾನು. ಈಗ ನನ್ನ ಮೈಯೇ ಪ್ರಯೋಗ.

ಜೂನ್ 11

ಊಟವಾಗಿ ಎರಡು ಗಂಟೆ ಕಳೆದ ಮೇಲೆ ಬೆರಳು ಚುಚ್ಚಿ ಶುಗರ್ ನೋಡಿದೆ. 128. ಅನ್ನ ಉಂಡ ದಿನ 231 ಇತ್ತು. ಅದೇ ಬೂತಾಯಿ ಮೀನಿನ ಸಾರು, ಅದೇ ತಟ್ಟೆ. ಹಾಗಾದರೆ ಹಲಸಿನ ಬೀಜಕ್ಕೆ ಎಷ್ಟು? ಹುರುಳಿಗೆ? ಒಂದೊಂದಾಗಿ ನೋಡಬೇಕು.

ಕ್ಲೆಟಸ್ ನನ್ನ ತಟ್ಟೆ ನೋಡಿ, “ಅನ್ನ ಇಲ್ಲದ್ದನ್ನು ಊಟ ಅಂತ ಹೇಗೆ ಹೇಳುವುದು ಮಾರಾಯ್ತಿ?” ಅಂದರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡ... ಇನ್ನೊಂದು ತುಂಡು ಮೀನು ಬಡಿಸಿಕೊಂಡೆ.

ಜೂನ್ 16

ತೂಕ 76.4. ಹಲಸಿನ ಬೀಜ — 187. ಪಟ್ಟಿಯಿಂದ ತೆಗೆದೆ. ಹಸಿವೇ ಆಗುವುದಿಲ್ಲ ಈಗ. ಯಾಕಿರಬಹುದು? ಇವತ್ತು ಬೆಳಿಗ್ಗೆ ಬರೀ ಚಹಾ. ಮಾತ್ರೆ ತಪ್ಪಿಸಲಿಲ್ಲ.

ಜೂನ್ 19, ಸಂಜೆ

ಬರೆಯಲು ನಾಚಿಕೆಯಾಗಿತ್ತು. ಮಂಗಳವಾರ ಹನ್ನೊಂದೂವರೆಗೆ ಲ್ಯಾಬಿನಲ್ಲಿ ಮೈಯೆಲ್ಲ ಬೆವರಿತು, ಕೈ ನಡುಗಿತು. ಬೀಕರ್ ಬಿದ್ದು ಒಡೆಯಿತು. ಕೆಮಿಸ್ಟ್ರಿಯ ಪಂಕಜಾಕ್ಷಿ ಟೀಚರ್ ನನ್ನನ್ನು ಸ್ಟೂಲಿನಲ್ಲಿ ಕೂರಿಸಿ, ನನ್ನ ಬ್ಯಾಗಿನಿಂದ ಶುಗರ್ ಮೀಟರ್ ತೆಗೆದು ನೋಡಿದರು. 52. ಸಕ್ಕರೆ ನೀರು ಕುಡಿಸಿದರು.

“ಲೂರ್ಡ್ಸ್, ಮಾತ್ರೆ ಉಂಟು, ಅನ್ನ ಇಲ್ಲ. ಆ ಮಾತ್ರೆ ಒಳಗೆ ಹೋಗಿ ಎಂತ ಮಾಡ್ಬೇಕು ಹೇಳಿ?”

ಎಲ್ಲವನ್ನೂ ಅಳೆದೆ. ಮಾತ್ರೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಜೂನ್ 20

ಡಾಕ್ಟರ್ ಶರತ್‌ಚಂದ್ರ ಬೈಯಲಿಲ್ಲ. “ಅನ್ನ ಕಮ್ಮಿ ಮಾಡಿದ್ದು ತಪ್ಪಲ್ಲ. ಹೇಳದೆ ಮಾಡಿದ್ದು ತಪ್ಪು,” ಅಂದರು. ಒಂದು ಮಾತ್ರೆ ನಿಲ್ಲಿಸಿದರು. ಕಿಡ್ನಿಯ ಟೆಸ್ಟಿಗೆ ಬರೆದರು. ಹೊತ್ತು ಹೊತ್ತಿಗೆ ತಿನ್ನಬೇಕು, ಮಧ್ಯಾಹ್ನ ಒಂದು ಸಣ್ಣ ಸೌಟು ಅನ್ನ, ಜೊತೆಗೆ ತರಕಾರಿ, ಮೀನು, ಹುರುಳಿ. “ವಾರಕ್ಕೆ ಅರ್ಧ ಕಿಲೋ ಇಳಿದ್ರೆ ಸಾಕು. ಓಡ್ಲಿಕ್ಕೆ ಎಂತ ಉಂಟು?”

ಹನ್ನೊಂದು ಪ್ರಶ್ನೆ ಕೇಳಿದೆ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಳ್ಳಿ ನೋಡಿದರು.

ಜುಲೈ 14, ರಾತ್ರಿ 8

ತೂಕ 74.9. ಶುಗರ್ ಆಮೇಲೆ ಒಮ್ಮೆಯೂ ಎಪ್ಪತ್ತರ ಕೆಳಗೆ ಇಳಿದಿಲ್ಲ.

ಊಟಕ್ಕೆ ಮುಂಚೆ ಕ್ಲೆಟಸ್ ಸುಮ್ಮನೆ ಬಂದು ಪಕ್ಕದಲ್ಲಿ ಕುಳಿತರು. ಸೂಜಿ ಕಂಡರೆ ಓಡುವ ಮನುಷ್ಯ ಬೆರಳು ಚಾಚಿ, “ನಂದೂ ಒಮ್ಮೆ ನೋಡು,” ಅಂದರು. “ಕೆಲವು ದಿನದಿಂದ ಬಾಯಿ ಒಣಗ್ತದೆ. ನಿನಗೆ ಹೇಳ್ಲಿಲ್ಲ.”

286.

ಅವರ ಬೆರಳನ್ನು ನನ್ನ ಸೆರಗಿನಲ್ಲಿ ಒತ್ತಿ ಹಿಡಿದೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಕ್ಲೆಟಸ್ ಕೈಗೆ ಕೊಟ್ಟೆ. ಈಗ ವರಾಂಡದಲ್ಲಿ ಮಾತಾಡುತ್ತಿದ್ದಾರೆ. ಸ್ವರ ತಗ್ಗಿದೆ. ಮೊಬೈಲಿಗೆ ಕೈ ಅಡ್ಡ ಹಿಡಿದು ಕರೆಯುತ್ತಿದ್ದಾರೆ — “ಲೂರ್ಡ್ಸ್, ಡಾಕ್ಟರ್ ಕೇಳ್ತಾರೆ, ನಾನು ದಿನಕ್ಕೆ ಎಷ್ಟು ಅನ್ನ ಉಣ್ತೇನೆ ಅಂತ...”