ಎಮ್ಮೆ ಗದಗ ಮುಟ್ಟಿತೇ?

ಹುಬ್ಬಳ್ಳಿ,
ನವಪಥ ಶಕೆ ನಲವತ್ತೊಂದು, ಆಷಾಢ ಬಹುಳ ದಶಮಿ.
ನಿಮ್ಮ ಕ್ಯಾಲೆಂಡರಿನ ಪ್ರಕಾರ ಇಸವಿ 2122.

ತೀರ್ಥರೂಪ ಫಕ್ಕೀರೇಶಪ್ಪ ಕಳಸಣ್ಣವರ ಇವರಿಗೆ, ನಿಮ್ಮ ಮಗಳು ತನ್ವಿಯ ಮರಿಮಗಳು ದ್ಯಾಮವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಣ್ಣು ಸರಿಯಾಗಿಯೇ ಇದೆ, ಗೆಳೆಯರು ಯಾರೂ ಚೇಷ್ಟೆ ಮಾಡಿಲ್ಲ. ಇದು ಹಿಂದಂಚೆಯ ಕಾಗದ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕ ನೋಡಿ ಕಲಿತವಳು ನಾನು. ಹಿಂದಂಚೆಯನ್ನು ಒಂದು ಮನೆತನಕ್ಕೆ ಒಂದೇ ಸಲ ಕೊಡುತ್ತಾರೆ. ಓಣಿಯ ಮಂದಿ ತಮ್ಮ ತಮ್ಮ ಹಿರಿಯರಿಗೆ, ಹೂತಿಟ್ಟ ಬಂಗಾರ ಎಲ್ಲಿದೆ ಎಂದು ಕೇಳಿ ಬರೆದರು. ನನ್ನ ತಮ್ಮ ನಿಮ್ಮಿಂದ ಹುಬ್ಬಳ್ಳಿಯ ಹೊರಗೆ ನಾಲ್ಕು ಎಕರೆ ಹೊಲ ಕೊಳ್ಳಿಸು ಎಂದು ದುಂಬಾಲು ಬಿದ್ದಿದ್ದ. ನಾನು ಒಂದು ಎಮ್ಮೆಯ ವಿಷಯಕ್ಕೆ ಬರೆಯುತ್ತಿದ್ದೇನೆ ಎಂದು ತಿಳಿದಾಗಿನಿಂದ ಆತ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ, ಮನೆ ತಣ್ಣಗಿದೆ.

ಮೊದಲು ಸಂತೋಷದ ಸುದ್ದಿ. ಪ್ರತಿ ಶನಿವಾರ ನಿಮ್ಮ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಅಲ್ಲಾಡಿಸುತ್ತ ಹುಬ್ಬಳ್ಳಿಯಿಂದ ಗದಗಿನ ಅಜ್ಜಿಯ ಮನೆಗೆ ಹೋಗುವ ನಿಮ್ಮ ಎಂಟು ವರ್ಷದ ತನ್ವಿ ಇಲ್ಲಿ ನೂರಾ ನಾಲ್ಕು ವರ್ಷದ ಮುತ್ತಜ್ಜಿ. ಹಲ್ಲು ಹೊಸವು, ಬಾಯಿ ಮಾತ್ರ ಹಳೆಯದೇ. ನಿಮ್ಮಲ್ಲಿ ತನ್ವಿ ಎಂದರೆ ಕೂಸುಗಳ ಹೆಸರಂತೆ. ನಮ್ಮಲ್ಲಿ ಅದು ಮುದುಕಿಯರ ಹೆಸರು. ದ್ಯಾಮವ್ವ ಎನ್ನುವುದೇ ಈಗಿನ ಫ್ಯಾಶನ್.

ನಮ್ಮ ಗಾಡಿಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇವಕ್ಕೆ ಉರುಳುಕೋಣೆ ಎನ್ನುತ್ತೇವೆ. ನಡೆಸುವವರು ಯಾರೂ ಇಲ್ಲ, ಆದ್ದರಿಂದ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂತು ಚುರಮುರಿ ತಿನ್ನುತ್ತೇವೆ. ಒಳಗೆ ಹಾಡಿನ ಡಬ್ಬಿ ಇದೆ, ಆದರೆ ಯಾರಾದರೂ ತಮ್ಮ ಹೆಸರು ಹೇಳಿ ಕೇಳದೆ ಅದು ಬಾಯಿ ಬಿಡುವುದಿಲ್ಲ. ‘ಇದು ಹುಲಕೋಟಿಯ ಸಂಗವ್ವ ಮೆಚ್ಚಿದ ಹಾಡು’ ಎಂದು ಸಾರಿಯೇ ಹಾಡಬೇಕು; ಮೆಚ್ಚಿದವರ ಹೆಸರಿಲ್ಲದ ಹಾಡಿಗೆ ಹಾದಿ ಇಲ್ಲ ಎನ್ನುವುದು ನಮ್ಮ ಕಾನೂನು. ಯಾರೂ ಕೇಳದಿದ್ದಾಗ ದಾರಿಯ ಬದಿಯ ಊರುಗಳೇ ಕೇಳಿಸುತ್ತವೆ. ಪ್ರತಿ ಊರಿನಲ್ಲಿ ಒಂದು ದನಿಗಂಬ ನಿಂತಿದೆ. ಅದರ ಮುಂದೆ ಯಾರು ಬೇಕಾದರೂ ಹೋಗಿ ಕೂಡಬಹುದು, ಅಲ್ಲಿ ಆಡಿದ್ದು ಹಾದುಹೋಗುವ ಗಾಡಿಗಳಲ್ಲಿ ಕೇಳುತ್ತದೆ. ಶಿರಗುಪ್ಪಿ ಹತ್ತಿರ ಬಂದರೆ ಅಲ್ಲಿಯ ಭಜನೆ, ಮುಂದೆ ಹೋದರೆ ಶೇಂಗಾ ಹೋಳಿಗೆಗೆ ಎಳ್ಳು ಹಾಕಬೇಕೋ ಬೇಡವೋ ಎಂದು ಒಂದೇ ಮನೆಯ ಸೊಸೆಯರಾದ ಇಬ್ಬರು ನೆಗೆಣ್ಣಿಯರ ಜಗಳ. ಜಗಳ ಮುಗಿಯುವ ಮೊದಲೇ ಊರು ದಾಟಿದರೆ ಗಾಡಿಯೊಳಗೆ ಎಲ್ಲರೂ ಹಳಹಳಿಸುತ್ತಾರೆ.

ಈಗ ಹುಬ್ಬಳ್ಳಿಯಿಂದ ಗದಗಿಗೆ ಹೊಸ ಹಾದಿ ಆಗಿದೆ. ಪಂಚಮಿ ಹಬ್ಬದ ದಿನ ತೆರೆಯುತ್ತಾರೆ. ಪ್ರತಿ ಹಾದಿಗೂ ಅದರದೇ ಒಂದು ಹಾದಿಹಾಡು ಇರಬೇಕು. ಗಾಡಿ ಹೊರಟಾಗ ಶುರುವಾಗಿ, ಮುಟ್ಟಿದಾಗ ಮುಗಿಯುವ ಹಾಡು. ಅದನ್ನು ಆರಿಸಲು ಸಭೆ ಕೂಡಿತ್ತು. ಪ್ರೊಫೆಸರ್ ಶಶಿಧರ ಹೂಗಾರರು ನಿಮ್ಮ ಕಾಲದ ರೇಡಿಯೋ ದಾಖಲೆಗಳನ್ನೆಲ್ಲ ಜಾಲಾಡಿ ಒಂದು ಹಾಡು ತಂದಿದ್ದರು. ಗಂಟೆಗೊಮ್ಮೆ ಕೇಳಿಬರುತ್ತಿತ್ತಂತೆ ಅದು. ಇಷ್ಟು ಪ್ರೀತಿ ಯಾವ ಹಾಡಿಗೂ ಸಿಕ್ಕಿಲ್ಲ, ಪೂರ್ವಜರ ಪ್ರಾಣವೇ ಇದರಲ್ಲಿತ್ತು ಎಂದು ಹೇಳುವಾಗ ಅವರ ಕಣ್ಣು ತುಂಬಿತು. ಅದಕ್ಕೆ ಪುರಾವೆಯೂ ಇತ್ತು. ಕಾರಿನೊಳಗೆ ತೆಗೆದ ಹಳೆಯ ವಿಡಿಯೋಗಳಲ್ಲಿ, ಈ ಹಾಡು ಬಂದ ಕೂಡಲೇ ಗಾಡಿ ಹೊಡೆಯುವವರು ಎಡಗೈಯನ್ನು ಭರ್ರನೆ ಮುಂದೆ ಚಾಚುತ್ತಾರೆ. ಇದು ಎಡಗೈ ಪ್ರಣಾಮ, ಹೃದಯದ ಕಡೆಯ ಕೈ ಎಂದು ಪ್ರೊಫೆಸರರ ವ್ಯಾಖ್ಯಾನ. ಶಾಲೆಯ ಮಕ್ಕಳಿಗೆ ಅದನ್ನು ಕಲಿಸಿಯೂ ಆಗಿತ್ತು. ಹಾಡು ಹಚ್ಚಿದರು, ಸಭೆಗೆ ಸಭೆಯೇ ಎದ್ದು ನಿಂತು ಭಕ್ತಿಯಿಂದ ಎಡಗೈ ಚಾಚಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಮುತ್ತಜ್ಜಿ ಬಿದ್ದು ಬಿದ್ದು ನಕ್ಕಳು. ಕುರ್ಚಿ ಹಿಡಿದುಕೊಳ್ಳಲು ನಾನು ಓಡಬೇಕಾಯಿತು. ‘ಅಯ್ಯ ಹುಚ್ಚಪ್ಪಗಳಿರಾ, ಎಡಗೈಲೆ ಯಾರರ ನಮಸ್ಕಾರ ಮಾಡ್ತಾರೇನ್ರೋ? ಅದು ಸ್ಟೇಷನ್ ಬದಲಿ ಮಾಡೂದು! ಸಾಕಾಗಿತ್ತು ನಮಗ ಆ ಹಾಡು ಕೇಳಿ ಕೇಳಿ!’ ಎಂದಳು. ಆಮೇಲೆ, ಹಾಡು ಮಾಡಿಸಿದವರು ಸ್ಟೇಷನ್ನಿಗೆ ಗುಟ್ಟಾಗಿ ದುಡ್ಡು ಕೊಟ್ಟು ಮತ್ತೆ ಮತ್ತೆ ಹಾಕಿಸುತ್ತಿದ್ದ ಸಂಗತಿ ಹೇಳಿದಳು. ನೀವೇ ಆಕೆಗೆ ಹೇಳಿದ್ದಿರಂತೆ: ‘ಮಂದಿ ಕೇಳಿ ಹಚ್ಚಿದ್ದಲ್ಲ ಪುಟ್ಟಿ, ರೊಕ್ಕಾ ಕೇಳಿ ಹಚ್ಚ್ಯಾರ.’ ಸಭೆ ಒಂದು ಗಳಿಗೆ ಚಾಚಿದ ಕೈಯಲ್ಲೇ ನಿಂತಿತ್ತು. ಎಲ್ಲರಿಗಿಂತ ಮೊದಲು ನಕ್ಕವರು ಹೂಗಾರರೇ. ‘ಹಂಗಾರ ಆಯಿ, ಸ್ಟೇಷನ್ ಬದಲಿ ಮಾಡಿ ಏನ ಕೇಳತಿದ್ರಿ?’ ಎಂದರು.

‘ಎಲ್ಲಾ ಸ್ಟೇಷನ್ನಿನ್ಯಾಗೂ ಅದ ಇರತಿತ್ತು. ಬಂದ್ ಮಾಡಿ ನಮ್ಮಪ್ಪ ತಾನ ಹಾಡತಿದ್ದ’ ಎಂದು ಮುತ್ತಜ್ಜಿ ನಿಮ್ಮ ಹಾಡು ಎತ್ತಿಕೊಂಡಳು.

*ಎಮ್ಮಿ ಹೊಂಟೈತಿ ಗದಗಿಗೆ, ಕನ್ನಡಿ ಕೊಳ್ಳಾಕ ಪ್ಯಾಟಿಗೆ,*
*ಬಸ್ಸಿನ ಬಾಗಿಲ ಸಣ್ಣಾದು, ಕೊಂಬಿನ ಹುಡುಗಿ ದೊಡ್ಡಾದು!*

ಫಕ್ಕೀರೇಶಪ್ಪನವರೇ, ಆ ಸಭೆಯನ್ನು ನೀವು ನೋಡಬೇಕಿತ್ತು. ಎರಡನೇ ನುಡಿಗೆ ಚಪ್ಪಾಳೆ ಬಿತ್ತು. ಮೂರನೇ ನುಡಿಯಲ್ಲಿ ಎಮ್ಮೆ ಹತ್ತಿಯ ಲಾರಿ ಏರಿ ಅಣ್ಣಿಗೇರಿಗೆ ಬರುವಷ್ಟರಲ್ಲಿ ಮುದುಕರು, ಹುಡುಗರು, ಹೂಗಾರರು ಎಲ್ಲರೂ ಕುಣಿಯುತ್ತಿದ್ದರು. ಇದೇ ಹಾದಿಹಾಡು ಎಂದು ಕೂಗಿದರು. ಅಷ್ಟರಲ್ಲಿ ಮುತ್ತಜ್ಜಿ ಹಾಡು ನಿಲ್ಲಿಸಿದಳು. ಮುಂದ? ಎಂದು ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ‘ಮುಂದ ನನಗ ನಿದ್ದಿ ಬರತಿತ್ತು’ ಎಂದಳು.

ಪ್ರತಿ ಶನಿವಾರವೂ ಅಣ್ಣಿಗೇರಿಗೆ ಬಂದರೆ ಆಕೆಗೆ ನಿದ್ದೆ. ಉಳಿದ ಹಾಡನ್ನು ನೀವೊಬ್ಬರೇ ಗದಗಿನವರೆಗೆ ಹಾಡುತ್ತಿದ್ದಿರಿ. ಎದ್ದು ಕೇಳಿದರೆ ಮುಂದಿನ ವಾರ ಎಚ್ಚರ ಇರು ಎಂದು ಕಾಡಿಸುತ್ತಿದ್ದಿರಿ. ಆಮೇಲೆ ಆಕೆ ದೊಡ್ಡವಳಾದಳು, ಕಿವಿಗೆ ಇಯರ್‌ಫೋನ್ ಬಂತು, ನೀವೂ ಹಾಡುವುದು ಬಿಟ್ಟಿರಿ. ಎಮ್ಮೆ ಗದಗ ಮುಟ್ಟಿತೋ, ಕನ್ನಡಿ ಕೊಂಡಿತೋ, ಯಾರಿಗೂ ಗೊತ್ತಿಲ್ಲ. ಮುಗಿಯದ ಹಾಡನ್ನು ಹಾದಿಗೆ ಇಡುವಂತಿಲ್ಲ. ಕವಿಗಳು ನಾ ಮುಂದು ತಾ ಮುಂದು ಎಂದು ಬಂದರು, ತಾವು ಮುಗಿಸಿ ಕೊಡುತ್ತೇವೆ ಎಂದರು. ಮುತ್ತಜ್ಜಿ ಒಪ್ಪಲಿಲ್ಲ. ‘ನಮ್ಮಪ್ಪನ ಎಮ್ಮಿಗೆ ಮಂದಿ ಹಾದಿ ತೋರಸೂದು ಬ್ಯಾಡ’ ಎಂದು ಮುಖ ತಿರುಗಿಸಿ ಕೂತಳು. ಪಂಚಮಿಯೊಳಗೆ ಕೊನೆಯ ನುಡಿ ಸಿಗದಿದ್ದರೆ ಹಾದಿ ಮೂಕವಾಗಿಯೇ ತೆರೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಆಕೆಗೆ ತಿಳಿಯಬೇಕಾಗಿದೆ. ನೂರಾ ನಾಲ್ಕು ವರ್ಷದ ಮುದುಕಿ ಊಟದ ನಡುವೆ ತುತ್ತು ಹಿಡಿದು, ‘ಮುಟ್ಟಿರಬೇಕಲ್ಲ?’ ಎಂದು ನನ್ನನ್ನು ಕೇಳುತ್ತಾಳೆ.

ಆದ್ದರಿಂದ ನಮ್ಮ ಮನೆತನದ ಒಂದೇ ಒಂದು ಕಾಗದದಲ್ಲಿ ನನ್ನ ಬಿನ್ನಹ ಇಷ್ಟೇ. ಬರುವ ಶನಿವಾರ ಆ ರೇಡಿಯೋ ಬಂದ್ ಮಾಡಿ, ಶಿರಗುಪ್ಪಿ ದಾಟುವ ಮೊದಲೇ ಹಾಡು ಶುರು ಮಾಡಿ. ಎಮ್ಮೆಯನ್ನು ಸ್ವಲ್ಪ ಜೋರಾಗಿ ಓಡಿಸಿ. ಮಗಳ ಕಣ್ಣು ಮುಚ್ಚುತ್ತಿದ್ದರೆ ಎಬ್ಬಿಸಿ, ಅಳುತ್ತಾಳೆ, ಅಳಲಿ. ಕೊನೆಯ ನುಡಿ ಎರಡು ಸಲ ಹಾಡಿ, ಅವಳ ಬಾಯಿಂದ ಒಮ್ಮೆ ಹಾಡಿಸಿ.

ಮುತ್ತಜ್ಜಿ ಈಗ ಎಳೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ತೂಕಡಿಸುತ್ತಿದ್ದಾಳೆ. ಈ ಕಾಗದ ಅಂಚೆಗೆ ಹಾಕಿ ಬಂದು ಆಕೆಯ ಎದುರಿಗೆ ಕೂಡುತ್ತೇನೆ. ಕಣ್ಣು ಬಿಟ್ಟ ಕೂಡಲೇ ಕೇಳುತ್ತೇನೆ: ‘ಆಯಿ, ಎಮ್ಮಿ ಮುಟ್ಟಿತೇನು?’ ನೀವು ಹಾಡಿದ್ದರೆ ಆಕೆ ಹೇಳುತ್ತಾಳೆ.

ನಿಮ್ಮ ಕುಡಿ,
ದ್ಯಾಮವ್ವ