ತಾಕತ್ತಿನ ಸೂಜಿ

ಮುಗಳಖೋಡ
೧೨ ಡಿಸೆಂಬರ್ ೨೦೨೪, ಗುರುವಾರ

ನನ್ನ ಕೋಮಲಾ,

ನಿನ್ನ ಅವ್ವನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು, ಗೊತ್ತು. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಅದನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ನಿನ್ನ ಅತ್ತೆ ಜನಾಬಾಯಿಯವರು ನಡುನಡುವೆ ನನ್ನ ಮೊಣಕಾಲು ನೋವನ್ನೂ ವಿಚಾರಿಸುತ್ತಾರೆ. ನಾಳೆ ನಿನ್ನ ಕಳ್ಳಕುಬಸಕ್ಕೆ ಬೇಡಕಿಹಾಳಕ್ಕೆ ಬರುತ್ತೇನಲ್ಲ, ಹಸಿರು ಕುಬಸದ ಮಡಿಕೆಯಲ್ಲಿ ಈ ಕಾಗದ ಇಟ್ಟಿರುತ್ತೇನೆ. ಐದನೇ ತಿಂಗಳಲ್ಲಿ ತವರಿನವರು ಊರಿಗೆ ಸುದ್ದಿ ಮಾಡದೆ ಬಂದು ಬಸುರಿಗೆ ಕುಬಸ ತೊಡಿಸುವ ಪದ್ಧತಿ ನನಗೆ ಅನುಕೂಲವೇ ಆಯಿತು. ಒಬ್ಬಳೇ ಇದ್ದಾಗ ಓದು.

ದೀಪಾವಳಿಗೆ ಬಂದಾಗ ನೀನು ಎರಡು ದಿಂಬು ಕೇಳಿದೆ. "ಎವ್ವಾ, ಅಡ್ಡಾದ್ರ ದಮ್ಮ ಹತ್ತತೈತಿ" ಅಂದಿದ್ದೆ. ಮಧ್ಯಾಹ್ನ ನಿನಗೆ ನಿದ್ದೆ ಹತ್ತಿದ ಮೇಲೆ ನಮ್ಮ ದವಾಖಾನೆಯ ಡಾಕ್ಟರ ಹಳೆಯ ಸ್ಟೆತಾಸ್ಕೋಪ್ ತಂದು ನಿನ್ನ ಎದೆಗೆ ಇಟ್ಟೆ. ನಿನಗೆ ಎಚ್ಚರವಾಯಿತು. ಕೂಸಿನ ಸಪ್ಪಳ ಕೇಳುತ್ತಿದ್ದೇನೆ ಎಂದು ಬಾಯಿಗೆ ಬಂದದ್ದು ಹೇಳಿದೆ. "ಕೂಸು ಹೊಟ್ಯಾಗ ಐತಿ, ಎದ್ಯಾಗಲ್ಲ. ಇಪ್ಪತ್ತು ವರ್ಷ ದವಾಖಾನ್ಯಾಗ ಏನ್ ಕಲ್ತಿ ಬೇ?" ಎಂದು ನೀನು ನಕ್ಕೆ. ನಗುತ್ತಲೇ ಕೆಮ್ಮು ಬಂತು. ಕೋಮಲಾ, ನಾನು ಕೇಳುತ್ತಿದ್ದದ್ದು ನಿನ್ನ ಎದೆಯನ್ನೇ.

ಹೃದಯಕ್ಕೆ ನಾಲ್ಕು ಬಾಗಿಲುಗಳಿವೆ. ಅವು ಮುಚ್ಚಿಕೊಳ್ಳುವ ಸಪ್ಪಳವೇ ನಮಗೆ ಕೇಳುವ ಲಬ್, ಡಬ್. ಡಬ್ ಆದ ಮೇಲೆ ಮುಂದಿನ ಲಬ್‌ವರೆಗೆ ಏನೂ ಕೇಳಬಾರದು. ನಿನ್ನಲ್ಲಿ ಅಲ್ಲೊಂದು ಗುರುಗುರು ಇದೆ, ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಏರು ಹತ್ತಿದಂತೆ. ಎಡಗಡೆಯ ಬಾಗಿಲಿನ ಎರಡು ಕದಗಳು ಅಂಚಿನಲ್ಲಿ ಅಂಟಿಕೊಂಡು ದಾರಿ ಕಿರಿದಾಗಿದೆ. ರಕ್ತ ಅದರಲ್ಲಿ ತೂರಿಕೊಂಡು ಹೋಗುವ ಸಪ್ಪಳ ಅದು. ಮುಂದೆ ಹೋಗಲಾರದ ರಕ್ತ ಹಿಂದಕ್ಕೆ ಶ್ವಾಸಕೋಶವನ್ನು ಒತ್ತುತ್ತದೆ. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುತ್ತದೆ, ಅದಕ್ಕೇ ಈಗ ದಮ್ಮು. ಜನಾಬಾಯಿಯವರು "ಬಸರಿಗೆ ದಮ್ಮ ಹತ್ತೂದ ಐತಿ" ಎಂದು ಸಮಾಧಾನ ಹೇಳುತ್ತಾರೆ. ಪಾಪ, ಅವರಿಗೇನು ಗೊತ್ತು.

ನಿನಗೂ ಗೊತ್ತಿಲ್ಲ. ಒಂಬತ್ತು ವರ್ಷದವಳಿದ್ದಾಗ ಗಂಟಲು ನೋವಿನ ಹಿಂದೆಯೇ ಜ್ವರ ಬಂದು, ಮೊಣಕಾಲು ಬಾತು, ಅದು ಇಳಿದರೆ ಮೊಣಕೈ ಬಾತು ಮಲಗಿದ್ದೆಯಲ್ಲ, ಆಗಲೇ ಡಾಕ್ಟರು ಈ ಬಾಗಿಲಿಗೆ ಪೆಟ್ಟು ಬಿದ್ದಿದೆ ಎಂದಿದ್ದರು. ಮತ್ತೆ ಆ ಜ್ವರ ಬಂದರೆ ಇನ್ನೂ ಕೆಡುತ್ತದೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ತಪ್ಪಿಸಬೇಡ ಎಂದರು. ನಾನೇ ಹಾಕುತ್ತಿದ್ದೆ. ಅದು ತಾಕತ್ತಿನ ಸೂಜಿ ಎಂದು ನಿನಗೆ ಹೇಳಿದೆ, ನಿನ್ನ ಅಪ್ಪನಿಗೂ ಹೇಳಿದೆ. ಎದೆರೋಗದ ಹುಡುಗಿ ಎಂದು ಹೆಸರು ಬಿದ್ದರೆ ಯಾರು ಕೇಳಿಕೊಂಡು ಬರುತ್ತಾರೆ? ಮದುವೆ ಗೊತ್ತಾಗುವ ಹೊತ್ತಿಗೆ ಆ ಔಷಧ ಎಲ್ಲಿಯೂ ಸಿಗಲಿಲ್ಲ. ಅಲ್ಲಿಗೆ ನಿಂತುಹೋಯಿತು.

ನಿಪ್ಪಾಣಿಯ ಡಾಕ್ಟರಬಾಯಿ, ನೀನು ಸಣ್ಣವಳಿದ್ದಾಗ ಏನಾದರೂ ಬೇನೆ ಆಗಿತ್ತೇ ಎಂದು ಕೇಳಿದರು, "ಏನೂ ಇಲ್ಲರೀ" ಅಂದೆ ಎಂದು ಫೋನಿನಲ್ಲಿ ಹೇಳಿದೆಯಲ್ಲ. ನಾನು ಒಳ್ಳೆಯದಾಯಿತು ಎಂದುಬಿಟ್ಟೆ.

ನೀನು ಬೇಗ ಹೃದಯದ ಇಕೋ ಸ್ಕ್ಯಾನ್ ಮಾಡಿಸಬೇಕು. ಕಿರಿದಾದ ಬಾಗಿಲನ್ನು ಬಲೂನ್ ಹಾಕಿ ಅಗಲ ಮಾಡುತ್ತಾರೆ, ಬೇಕಾದರೆ ಬಸುರಿಯಲ್ಲೂ ಮಾಡುತ್ತಾರೆ ಎಂದು ನಮ್ಮ ಡಾಕ್ಟರು ಹೇಳಿದರು. ತಡವಾದರೆ ನೀನೂ ಕೂಸೂ ಇಬ್ಬರೂ ಉಳಿಯದೆ ಹೋಗಬಹುದು. ಡಾಕ್ಟರಬಾಯಿ ಒಬ್ಬರೇ ಸಿಕ್ಕಾಗ ಎಲ್ಲ ಹೇಳು. ಮನೆಯಲ್ಲಿ ಮಾತ್ರ ಸದ್ಯ ಬಾಯಿ ಬಿಡಬೇಡ. ಮುಚ್ಚಿಟ್ಟು ಮದುವೆ ಮಾಡಿದರು ಎಂದು ನಿನ್ನನ್ನು ತಿರುಗಿ ಕಳಿಸಿದರೆ ಏನು ಮಾಡಲಿ ಎಂದು ಹೆದರಿಕೆ.

ನಿನ್ನ ಅವ್ವ,
ತಾರವ್ವ

ತಾ.ಕ.: ಮಡಿಚುವ ಮುಂಚೆ ಓದಿಕೊಂಡೆ. ಮತ್ತೆ ಮುಚ್ಚಿಡು ಎಂದೇ ಬರೆದಿದ್ದೇನೆ. ದವಾಖಾನೆಗೆ ನಿನ್ನನ್ನು ಒಬ್ಬಳನ್ನೇ ಯಾರು ಬಿಡುತ್ತಾರೆ? ಈ ಕಾಗದ ಕುಬಸದಲ್ಲಿ ಇಡುವುದಿಲ್ಲ, ಜನಾಬಾಯಿಯವರ ಕೈಗೇ ಕೊಡುತ್ತೇನೆ. ಅವರು ಮರಾಠಿ ಶಾಲೆ ಕಲಿತವರು, ಕನ್ನಡ ಓದಲು ಬಾರದು. ನೀನೇ ಅವರೆದುರು ಕುಳಿತು ಓದಿ ಹೇಳು. ಇನ್ನು ಮುಂದಿನದನ್ನೂ ಬಿಡದೆ ಓದು. ಔಷಧ ಸಿಗಲಿಲ್ಲ ಎಂದದ್ದು ಸುಳ್ಳು. ಸೀಸೆ ನನ್ನ ಕೈಯಲ್ಲೇ ಇತ್ತು. ಆ ಸೂಜಿ ಹಾಕಿದರೆ ನೀನು ಎರಡು ದಿನ ಕುಂಟುತ್ತಿದ್ದೆ, ಸೂಜಿ ಹಾಕಬೇಕಿದ್ದ ದಿನದ ಮರುದಿನವೇ ಅವರು ಕನ್ಯೆ ನೋಡಲು ಬರುವವರಿದ್ದರು. ಆಮೇಲೆ ನಿಶ್ಚಯ, ಆಮೇಲೆ ಮದುವೆ. ಪ್ರತಿ ಸಲವೂ ಮುಂದಿನ ತಿಂಗಳು ಹಾಕಿದರಾಯಿತು ಎಂದುಕೊಂಡೆ. ಆ ದಿನ ಜನಾಬಾಯಿಯವರು "ನಾಕ ಹೆಜ್ಜಿ ನಡದ ತೋರ್ಸವಾ" ಎಂದಾಗ ನೀನು ಎಷ್ಟು ಚೆಂದ ನಡೆದೆ. ಒಂಚೂರೂ ಕುಂಟಲಿಲ್ಲ.